ಲುಂಗಿಯ ಗಂಟು, ಗಾಲ್ಫಿನ ಪೆಟ್ಟು

ನಮ್ಮ ಕಡೆ ಒಬ್ಬೊಬ್ಬರಿಗೆ ನಾಲ್ಕೈದು ಭಾಷೆ ಬರುತ್ತದೆ. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮೀನಿನ ಗಾಡಿಯ ಹತ್ತಿರ ಬ್ಯಾರಿ, ನೆರೆಮನೆಯ ಬೇಲಿಯ ಬಳಿ ಮಲಯಾಳ. ಈ ಎಲ್ಲ ಭಾಷೆಗಳಲ್ಲೂ 'ನನಗೆ ಗೊತ್ತಿಲ್ಲ' ಎನ್ನುವುದಕ್ಕೆ ಬೇಕಾದ ಶಬ್ದಗಳಿವೆ. ಆದರೆ ಅವನ್ನು ಬಾಯಿಬಿಟ್ಟು ಹೇಳಿದವರನ್ನು ನಾನಂತೂ ಕಂಡಿಲ್ಲ. ಒಮ್ಮೆ ಕಬಕದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕಾರಿನಲ್ಲಿ ಬಂದವರೊಬ್ಬರು ಸರ್ಪಸುತ್ತಿಗೆ ಔಷಧಿ ಕೊಡುವ ಪಂಡಿತರ ಮನೆ ಎಲ್ಲಿ ಎಂದು ಕೇಳಿದರು. ಪಕ್ಕದಲ್ಲಿದ್ದವನು ವಿಟ್ಲದ ರಸ್ತೆ ತೋರಿಸಿದ, ಅವನ ಪಕ್ಕದವನು ಅಲ್ಲವೇ ಅಲ್ಲ ಎಂದು ಪುತ್ತೂರಿನ ಕಡೆಗೆ ಕೈ ಮಾಡಿದ. ನಾನೊಬ್ಬ ಸುಮ್ಮನಿದ್ದರೆ ಮರ್ಯಾದೆಯೆ? ಆ ಪಂಡಿತರ ಹೆಸರನ್ನು ಕೂಡ ನಾನು ಕೇಳಿದವನಲ್ಲ. ಆದರೂ, "ಸೀದಾ ಹೋಗಿ, ಒಂದು ತಿರುವು ಸಿಗ್ತದೆ, ಅಲ್ಲಿ ಕೇಳಿ" ಎಂದೆ. ಬಸ್ಸು ತಡವಾಯಿತು. ಅದೇ ಕಾರು ತಿರುಗಿ ಬರುವುದು ಕಂಡಾಗ ನಾನು ಹತ್ತಿರದ ಅಂಗಡಿಗೆ ನುಗ್ಗಿ ನಮ್ಮ ಮನೆಯಲ್ಲಿ ಯಾರೂ ತಿನ್ನದ ಜಾತಿಯ ಬಾಳೆಹಣ್ಣು ಕೊಂಡುಕೊಂಡೆ.

ಇಷ್ಟು ಪೀಠಿಕೆ ಯಾಕೆಂದರೆ, ನಾನು ಗಾಲ್ಫ್ ಕಲಿತದ್ದು ಈ ಒಂದು ರೋಗದಿಂದ. ನನ್ನ ಮೂಲ ಸುಳ್ಯದ ಮರ್ಕಂಜ, ಹೊಟ್ಟೆಪಾಡು ಆಲಂಕಾರಿನ ಜವಳಿ ಅಂಗಡಿ. ಲುಂಗಿ, ಮುಂಡು, ಬೆಡ್‌ಶೀಟು, ಶಾಲೆಯ ಸಮವಸ್ತ್ರದ ಬಟ್ಟೆ, ಇದು ನನ್ನ ಪ್ರಪಂಚ. ಗಾಲ್ಫ್ ಎಂದರೆ ಟಿವಿಯಲ್ಲಿ ಚಾನೆಲ್ ಬದಲಿಸುವಾಗ ನಡುವೆ ಬರುವ ಹಸಿರು ಹುಲ್ಲು ಎಂದಷ್ಟೇ ತಿಳಿದಿದ್ದೆ. ಹೀಗಿರುವಾಗ ಪುತ್ತೂರಿನ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಮಗಳು ದೀಕ್ಷಾಳಿಗೆ ಮಡಿಕೇರಿಯ ಕಡೆಯ ಸಂಬಂಧ ಬಂತು. ಹುಡುಗ ಪಶುವೈದ್ಯ. ಹುಡುಗನ ತಂದೆ ಕಾಫಿ ತೋಟವೊಂದರಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಎತ್ತರದ ಆಳು, ಇಸ್ತ್ರಿ ಮಾಡಿದ ಮಾತು. ನಮ್ಮಿಬ್ಬರದೂ ಅರೆಭಾಷೆಯೇ. ಆದರೆ ಎಲ್ಲರಿಗೂ ತಿಳಿಯಲೆಂದು ಇಲ್ಲಿ ಊರ ಕನ್ನಡದಲ್ಲಿ ಬರೆಯುತ್ತೇನೆ.

ಹುಡುಗ, ಹುಡುಗಿ ಪರಸ್ಪರ ಒಪ್ಪಿ, ನೀರುದೋಸೆ ಕೋಳಿಸಾರು ಮುಗಿದು, ಹಿರಿಯರೆಲ್ಲ ವರಾಂಡದಲ್ಲಿ ಕುಳಿತಿದ್ದೆವು. ಬೀಗರಾಗುವವರು ನನ್ನತ್ತ ತಿರುಗಿ, "ನಿಮಗೆ ಆಟ ಗೀಟ ಎಂತಾದ್ರೂ ಉಂಟಾ?" ಎಂದು ಕೇಳಿದರು.

"ಮೊದಲು ವಾಲಿಬಾಲ್ ಇತ್ತು" ಎಂದೆ. ಅದು ನಿಜ.

"ನಂದು ಗಾಲ್ಫ್. ಪ್ರತಿ ಆದಿತ್ಯವಾರ ತಪ್ಪುದಿಲ್ಲ. ನೀವು ಆಡಿದ್ದುಂಟಾ?"

"ಸ್ವಲ್ಪ ಉಂಟು" ಎಂದೆ.

ಯಾಕೆ ಹೇಳಿದೆ ಎಂದು ಇಂದಿಗೂ ನನಗೆ ತಿಳಿದಿಲ್ಲ. ಮಾತು ನಾಲಿಗೆಯಿಂದ ತಾನಾಗಿ ಇಳಿದುಹೋಯಿತು. ಎಲೆ ಅಡಿಕೆಯ ತಟ್ಟೆ ಹಿಡಿದು ಬರುತ್ತಿದ್ದ ನನ್ನ ಹೆಂಡತಿ ಸರೋಜ ಹೊಸ್ತಿಲಲ್ಲೇ ನಿಂತಳು. ಬೀಗರ ಮುಖ ಮಾತ್ರ ಹುಣ್ಣಿಮೆಯಾಯಿತು. "ಒಳ್ಳೆದಾಯ್ತು ಮಾರಾಯ್ರೆ! ನಮ್ಮ ನೆಂಟರಲ್ಲಿ ಒಬ್ಬನಿಗೂ ಇದರ ಗಂಧ ಇಲ್ಲ. ವೀಳ್ಯಶಾಸ್ತ್ರದ ಮೊದಲು ಒಂದು ಆದಿತ್ಯವಾರ ಬನ್ನಿ, ಒಟ್ಟಿಗೆ ಆಡುವ" ಎಂದು ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು.

ಅವರ ಕಾರು ಗೇಟು ದಾಟಿದ್ದೇ ತಡ, ಮಗಳು ವಿಚಾರಣೆ ಶುರು ಮಾಡಿದಳು.

"ಅಪ್ಪ, ಗಾಲ್ಫ್ ಕೋಲನ್ನು ನೀವು ಎಲ್ಲಿ ಮುಟ್ಟಿದ್ದು?"

"ಬೇಬಿಚ್ಚನ ಮನೆಯಲ್ಲಿ."

"ಅದರಲ್ಲಿ ಆಡಿದ್ರಾ?"

"ನುಗ್ಗೆಕಾಯಿ ಕೊಯ್ದೆ."

ಅವಳು ನಗಲಿಲ್ಲ. "ನಾನು ಹೋಗಿ ಬಾಳುವ ಮನೆ ಅಪ್ಪ ಅದು. ಹೋಗುವ ಮೊದಲೇ 'ಬಡಾಯಿಯವನ ಮಗಳು' ಅಂತ ಹೆಸರು ಬರುದು ಬೇಡ. ಈಗಲೇ ಫೋನ್ ಮಾಡಿ, ಬರುದಿಲ್ಲ ಅಂತ ಹೇಳಿಬಿಡಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಫೋನನ್ನು ಕೈಗೂ ತೆಗೆದುಕೊಂಡೆ. ಆದರೆ ಅಷ್ಟರಲ್ಲಿ ನನ್ನ ವ್ಯಾಪಾರಿ ಬುದ್ಧಿ ಒಂದು ದಾರಿ ತೋರಿಸಿತು. ಸುಳ್ಳು ಸುಳ್ಳಾಗಿರುವುದು ಅದು ನಿಜವಾಗುವ ತನಕ ಮಾತ್ರ. ಆ ಆದಿತ್ಯವಾರದೊಳಗೆ ನಾನು ಕಲಿತುಬಿಟ್ಟರೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. "ನೀನು ನಿಶ್ಚಿಂತೆಯಿಂದ ಇರು" ಎಂದು ಅವಳ ಬೆನ್ನು ತಟ್ಟಿದೆ. ಅವಳು ನಿಶ್ಚಿಂತಳಾದಂತೆ ಕಾಣಲಿಲ್ಲ.

ಬೇಬಿಚ್ಚ ಎಂದರೆ ಮಗು ಎಂದು ತಿಳಿಯಬೇಡಿ. ಅರುವತ್ತು ದಾಟಿದ, ದಪ್ಪ ಮೀಸೆಯ, ನಮ್ಮ ಪಕ್ಕದ ರಬ್ಬರ್ ತೋಟದ ಯಜಮಾನರು. ಅವರ ಅಪ್ಪ ಕೇರಳದಿಂದ ಬಂದು ಇಲ್ಲಿ ಕಾಡು ಕಡಿದು ನೆಲೆಸಿದ ಕಾಲದಲ್ಲಿ ಅವರು ತೊಟ್ಟಿಲಲ್ಲಿದ್ದರಂತೆ. ಅಂದು ಅಂಟಿದ ಹೆಸರು ಮೊಮ್ಮಕ್ಕಳಾದರೂ ಬಿಟ್ಟಿಲ್ಲ. ಗಲ್ಫಿನಲ್ಲಿದ್ದ ಅವರ ಅಳಿಯ ಅಲ್ಲಿನ ಮನೆ ಖಾಲಿ ಮಾಡುವಾಗ ಸೋಫಾ, ಫ್ರಿಜ್ಜುಗಳ ಜೊತೆ ಒಂದು ಗಾಲ್ಫ್ ಚೀಲವನ್ನೂ ಕಳಿಸಿದ್ದ. ಅದು ರಬ್ಬರ್ ಶೀಟಿಗೆ ಹೊಗೆ ಹಾಕುವ ಕೋಣೆಯ ಹಿಂದೆ ನಿಂತಿತ್ತು. ಅದರೊಳಗಿನ ಒಂದು ಕೋಲಿನಿಂದ ಬೇಬಿಚ್ಚ ಹಾವು ಓಡಿಸುತ್ತಿದ್ದರು, ಇನ್ನೊಂದರಿಂದ ನಾವೆಲ್ಲ ನುಗ್ಗೆಕಾಯಿ ಕೊಯ್ಯುತ್ತಿದ್ದೆವು. ನಾನು ಬಂದ ಕಾರಣ ಹೇಳಿದಾಗ ಅವರು ಮೀಸೆಯೊಳಗೇ ನಕ್ಕು, "ಮಗಳ ವಿಷಯ ಅಲ್ವಾ ಗೌಡ್ರೆ, ಎಷ್ಟು ದಿನ ಬೇಕಾದ್ರೂ ಇಟ್ಟುಕೊಳ್ಳಿ. ನುಗ್ಗೆಕಾಯಿಗೆ ನಾನು ಬಿದಿರಿನ ದೋಟಿ ಮಾಡಿಸ್ತೇನೆ" ಎಂದರು.

ಮೊದಲ ದಿನವೇ ಅವರ ತೋಟದ ಅಂಚಿನಲ್ಲಿ ನಿಂತು ಮೈಯ ಬಲವನ್ನೆಲ್ಲ ಸೇರಿಸಿ ಒಂದು ಪೆಟ್ಟು ಹೊಡೆದೆ. ಚೆಂಡು ಮುಂದಕ್ಕೆ ಹೋಗುವ ಬದಲು ಬಲಗಡೆಗೆ ಚಿಮ್ಮಿ, ಒಂದು ರಬ್ಬರ್ ಮರಕ್ಕೆ ಬಡಿದು, ಹಾಲು ಹಿಡಿಯಲು ಕಟ್ಟಿದ್ದ ತೆಂಗಿನ ಚಿರಟೆಯೊಳಗೆ ಹೋಗಿ ಕುಳಿತಿತು. ಬೇಬಿಚ್ಚ ಚಪ್ಪಾಳೆ ತಟ್ಟಿದರು. ಚೆಂಡು ಗುಳಿಗೆ ಬೀಳುವುದೇ ಆಟವೆಂದು ಅವರು ಎಲ್ಲೋ ಕೇಳಿದ್ದರು. ಆಮೇಲಿನ ಚೆಂಡುಗಳಿಗೆ ಚಿರಟೆಯೂ ಸಿಗಲಿಲ್ಲ. ಹೀಗೆಯೇ ಆದರೆ ಚೀಲ ಬರಿದಾಗುತ್ತದೆಂದು ಹೆದರಿ, ರಬ್ಬರ್ ಶೀಟು ಒಣಗಿಸುವ ಹಗ್ಗಕ್ಕೆ ನನ್ನ ಅಂಗಡಿಯಲ್ಲಿ ಖರ್ಚಾಗದೆ ಉಳಿದ ಬೆಡ್‌ಶೀಟುಗಳನ್ನು ನೇತುಹಾಕಿದೆವು. ದೊಡ್ಡ ದೊಡ್ಡ ನವಿಲುಗಳಿದ್ದ ಬೆಡ್‌ಶೀಟುಗಳು. ಚೆಂಡು ನವಿಲಿಗೆ ಬಡಿದು ಅಲ್ಲೇ ಬೀಳುತ್ತಿತ್ತು. ಹೆಕ್ಕಿ ತಂದು ಮತ್ತೆ ಹೊಡೆಯುವುದು, ಇದು ನಮ್ಮ ಗಾಲ್ಫ್ ಮೈದಾನ.

ಆದರೆ ಪೆಟ್ಟು ಸರಿಯಾಗುತ್ತಿರಲಿಲ್ಲ. ಕೈಗೆ ಜುಂ ಎಂದು ನಡುಕ ಬರುತ್ತಿತ್ತು, ಒಡಕು ಮಡಕೆ ತಟ್ಟಿದ ಹಾಗೆ ಸದ್ದಾಗುತ್ತಿತ್ತು. ಮೊಬೈಲಿನಲ್ಲಿ ಗಾಲ್ಫ್ ಕಲಿಸುವ ಒಬ್ಬ ಬಿಳಿಯ ಟೊಪ್ಪಿಯವನು ಸಿಕ್ಕಿದ. ಅವನು ಹೇಳಿದ ಪ್ರಕಾರ, ಕೋಲಿನ ತುದಿಯಲ್ಲಿರುವ ಆ ಕಬ್ಬಿಣದ ತಲೆಗೆ ನಟ್ಟನಡುವೆ ಒಂದು ಜಾಗ ಉಂಟು. ಚೆಂಡು ಅಲ್ಲಿ ತಾಗಿದರೆ ಮಾತ್ರ ಪೆಟ್ಟು. ಆಚೆ ಮೂತಿಗೆ ತಾಗಿದರೂ ಕೆಟ್ಟಿತು, ಈಚೆ ಹಿಮ್ಮಡಿಗೆ ತಾಗಿದರೂ ಕೆಟ್ಟಿತು. ಎಲ್ಲಿ ತಾಗುತ್ತದೆಂದು ತಿಳಿಯಲು ಅವನು ಯಾವುದೋ ಡಬ್ಬಿಯಿಂದ ಬಿಳಿ ಪುಡಿ ಊದಿದ. ನಾನು ಎಲೆ ತಟ್ಟೆಯಿಂದ ಸುಣ್ಣ ತೆಗೆದು ತೆಳ್ಳಗೆ ಸವರಿದೆ. ಅವನ ಪುಡಿಗಿಂತ ನಮ್ಮ ಸುಣ್ಣ ಲಾಯಕ್ಕು. ಹೊಡೆದು ನೋಡಿದರೆ ಚೆಂಡಿನ ದುಂಡು ಗುರುತು ಪ್ರತಿ ಸಲವೂ ಮೂತಿಯ ತುದಿಯಲ್ಲಿ! ಇನ್ನು ಒಂದು ನೂಲಿನಷ್ಟು ಆಚೆ ಹೋದರೆ ಚೆಂಡಿಗೆ ಕೋಲು ತಾಗಿದ ಸುದ್ದಿಯೇ ಇರುತ್ತಿರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಮೊದಲು ದೂರಿದ್ದು ನೆಲವನ್ನೇ. ನಮ್ಮಲ್ಲಿ ಹಾಗೆ ದೂರುವುದು ಸುಲಭ, ಯಾಕೆಂದರೆ ನಮ್ಮ ನೆಲ ನಿಜಕ್ಕೂ ಡೊಂಕು. ಒಂದು ಕಾಲು ಗುಡ್ಡೆಯಲ್ಲಿ ಇನ್ನೊಂದು ತೋಡಿನಲ್ಲಿ ಇಟ್ಟುಕೊಂಡೇ ಹುಟ್ಟಿದ ಜನ ನಾವು. ಬೇಬಿಚ್ಚ ಪಿಕ್ಕಾಸು ತಂದು ಅಂಗಳದ ಮೂಲೆಯನ್ನು ಚಾಪೆಯಷ್ಟಗಲ ಸಮ ಮಾಡಿಕೊಟ್ಟರು. ಗುರುತು ಮೂತಿಯಲ್ಲೇ ಉಳಿಯಿತು. ಹತ್ತಿರ ನಿಂತೆ, ದೂರ ನಿಂತೆ, ಉಸಿರು ಹಿಡಿದೆ, ಉಸಿರು ಬಿಟ್ಟೆ. ಮೂತಿ. ಬೇಬಿಚ್ಚ ಸಮಾಧಾನ ಹೇಳುತ್ತಿದ್ದರು, "ಬೇಜಾರ್ ಮಾಡಬೇಡಿ ಗೌಡ್ರೆ. ರಬ್ಬರ್ ಟ್ಯಾಪಿಂಗ್ ಹಾಗೆ ಇದು. ಕೈಗೆ ಕೂತ್ರೆ ಆಯ್ತು." ಮನೆಯಲ್ಲಿ ಸರೋಜ ಸುಣ್ಣದ ಕರಂಡಕವನ್ನು ಬಗ್ಗಿಸಿ ತೋರಿಸುತ್ತಿದ್ದಳು. "ಮಗಳ ಮದುವೆಗೆ ಮನೆಗೆ ಸುಣ್ಣ ಬಳಿಯುವವರನ್ನು ನೋಡಿದ್ದೇನೆ, ಕೋಲಿಗೆ ಬಳಿಯುವವರನ್ನು ನೋಡುದು ಇದೇ ಮೊದಲು" ಎನ್ನುತ್ತಿದ್ದಳು. ಮಗಳು ವಾರದ ಕೊನೆಗೆ ಬಂದಾಗ ಕೋಲನ್ನು ಕಂಡರೂ ಕಾಣದಂತೆ ಒಳಗೆ ಹೋಗುತ್ತಿದ್ದಳು.

ಕೊನೆಗೆ ರೋಗ ಹಿಡಿದುಕೊಟ್ಟವಳು ಸರೋಜ. ಬೇಬಿಚ್ಚ ನನ್ನ ಆಟವನ್ನು ಮೊಬೈಲಿನಲ್ಲಿ ತೆಗೆದಿದ್ದರು. ನಾನು ಅದನ್ನು ಮತ್ತೆ ಮತ್ತೆ ನೋಡಿ ತಲೆ ಕೆರೆದುಕೊಳ್ಳುತ್ತಿದ್ದೆ. ಅವಳು ಸೊಪ್ಪು ಸೋಸುತ್ತಾ ನನ್ನ ಹೆಗಲ ಮೇಲಿನಿಂದ ಇಣುಕಿದವಳು, "ಚೆಂಡಿಗೆ ಹೊಡೆಯುವ ಹೊತ್ತಿಗೆ ಹೊಟ್ಟೆ ಎಂತಕ್ಕೆ ಒಳಗೆ ಎಳೆಯುದು?" ಎಂದು ಕೇಳಿದಳು. ಹೌದಲ್ಲ! ಕೋಲು ಕೆಳಗಿಳಿಯುವಾಗ ನನ್ನ ಹೊಟ್ಟೆ ಒಳಕ್ಕೆ ಹೋಗುತ್ತಿತ್ತು, ಎಡ ಮೊಣಕೈ ಬಂದು ಸೊಂಟವನ್ನು ಒತ್ತುತ್ತಿತ್ತು. ಕೈ ಗಿಡ್ಡವಾದ ಮೇಲೆ ಚೆಂಡಿಗೆ ಮೂತಿಯಲ್ಲದೆ ಮತ್ತೇನು ಸಿಗಬೇಕು? ಸರೋಜ ಸೊಪ್ಪನ್ನು ಕೆಳಗಿಟ್ಟು ನಗತೊಡಗಿದಳು. "ನಿಮ್ಮ ಕಣ್ಣು ಮಾತ್ರ ಚೆಂಡಿನ ಮೇಲೆ ಇರುದು. ಜೀವ ಪೂರಾ ಲುಂಗಿಯ ಗಂಟಿನಲ್ಲಿ ಉಂಟು!"

ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಇದಕ್ಕೊಂದು ಹಿನ್ನೆಲೆ ಉಂಟು. ಕೆಲವು ವರ್ಷಗಳ ಹಿಂದೆ ಅಂಗಡಿಯ ಮೇಲಿನ ಅಟ್ಟಣಿಗೆಯಿಂದ ಸೀರೆಯ ಕಟ್ಟು ತೆಗೆಯಲು ಎರಡೂ ಕೈ ಎತ್ತಿದ್ದೆ. ಮದುವೆಯ ಜವಳಿಗೆಂದು ಬಂದ ಹೆಂಗಸರು ಕೆಳಗೆ ಸಾಲಾಗಿ ಕುಳಿತಿದ್ದರು. ಆಗ ಗಂಟು ಬಿಚ್ಚಿತು. ಪುಣ್ಯಕ್ಕೆ ನಾನು ಸೀರೆಯ ಕಟ್ಟನ್ನು ಬಿಟ್ಟು ಲುಂಗಿಯನ್ನು ಹಿಡಿದೆ. ಸೀರೆಗಳೆಲ್ಲ ಹೆಂಗಸರ ತಲೆಯ ಮೇಲೆ ಬಿದ್ದವು. ಜವಳಿ ಅಂಗಡಿಯವನ ಲುಂಗಿ ಜಾರುವುದೆಂದರೆ ಕ್ಷೌರಿಕನ ಕೈಯಿಂದಲೇ ಅವನ ಸ್ವಂತ ಮೀಸೆ ಹೋದ ಹಾಗೆ. ಅಂದಿನಿಂದ ನನ್ನ ಮೊಣಕೈ ಸೊಂಟದ ಕಾವಲಿಗೆ ನಿಂತಿದೆ. ಸೊಂಟ ತಿರುಗಿಸಿ ಬೀಸಬೇಕಾದ ಈ ಆಟದಲ್ಲಿ ಗಂಟು ಸಡಿಲವಾಗುವ ಭಯ ಎಷ್ಟೆಂದು ನೀವೇ ಊಹಿಸಿ.

ಮದ್ದು ಸುಲಭವಾಗಿತ್ತು. ನನ್ನ ಅಂಗಡಿಯಲ್ಲೇ ತೂಗುತ್ತಿದ್ದ ಅಗಲದ ಹಸಿರು ಬೆಲ್ಟು. ಬೆಲ್ಟು ಬೇಕಾದದ್ದು ಗಂಟು ಹಾಕಲು ಬಾರದವರಿಗೆ ಎಂಬ ಅಹಂಕಾರದಿಂದ ಅದನ್ನು ಅಷ್ಟು ಕಾಲ ಮಾರಿದ್ದೇನೆಯೇ ಹೊರತು ಕಟ್ಟಿದವನಲ್ಲ. ಲುಂಗಿಯನ್ನು ಮೊಣಕಾಲಿನ ಮೇಲೆ ಮಡಚಿ ಬಿಗಿದು, ಮೇಲೆ ಬೆಲ್ಟು ಹಾಕಿ, ಬೇಬಿಚ್ಚನ ಅಂಗಳಕ್ಕೆ ಇಳಿದೆ. ಮಡಚಿದ ಲುಂಗಿ ತೊಡೆಗಳನ್ನು ಹಿಡಿದುಕೊಂಡಿತ್ತು, ಕಾಲು ಅತ್ತಿತ್ತ ಹೋಗಲಿಲ್ಲ. ಮೊಣಕೈಗೆ ಕಾವಲಿನ ಕೆಲಸ ತಪ್ಪಿತ್ತು. ಬೀಸಿದೆ. 'ಟಕ್' ಎಂದು ಎಳೆ ಸೌತೆಕಾಯಿ ಮುರಿದಂತೆ ಒಂದು ಸದ್ದು. ಕೈಗೆ ಏನೂ ತಿಳಿಯಲೇ ಇಲ್ಲ. ನವಿಲು ಹೊಟ್ಟೆ ಒಳಕ್ಕೆ ಎಳೆದುಕೊಂಡಿತು. ಸುಣ್ಣ ನೋಡಿದರೆ ಗುರುತು ನಟ್ಟನಡುವೆ, ಹಣೆಗೆ ಕುಂಕುಮ ಇಟ್ಟ ಹಾಗೆ! ನಾನೂ ಬೇಬಿಚ್ಚನೂ ಅಪ್ಪಿಕೊಂಡೆವು. ಆಮೇಲೆ ಹತ್ತರಲ್ಲಿ ಎಂಟು ಪೆಟ್ಟು ನಡುವಿಗೇ ಬೀಳತೊಡಗಿತು. ಅಂಗಡಿಗೆ ಬಂದ ಗಿರಾಕಿಗಳಿಗೂ ಸುಣ್ಣದ ಗುರುತಿನ ಕೋಲು ತೋರಿಸತೊಡಗಿದೆ. ಅವರು ಪಾಪ, ಕೋಲಿಗೆ ಏನೋ ಪೂಜೆಯಾಗಿದೆ ಎಂದುಕೊಂಡು ಕೈಮುಗಿದರು.

ಹೊರಡುವ ಹಿಂದಿನ ದಿನ ಬೀಗರ ಫೋನು ಬಂತು. "ಒಂದು ಹೇಳ್ಲಿಕ್ಕೆ ಮರೆತೆ. ನಿಮಗೆ ಗೊತ್ತೇ ಇರ್ತದೆ. ಕಾಲರಿನ ಅಂಗಿ, ಪ್ಯಾಂಟು, ಶೂ. ಬೇರೆ ಎಂತ ಹಾಕಿದ್ರೂ ಅವರು ಒಳಗೆ ಬಿಡುದಿಲ್ಲ."

"ಗೊತ್ತುಂಟು ಗೊತ್ತುಂಟು" ಎಂದೆ. ನೋಡಿ, ಮತ್ತೆ!

ಮಗಳ ಪದವಿ ಪ್ರದಾನದ ಸಮಾರಂಭಕ್ಕೆ ಹೊಲಿಸಿದ್ದ ಪ್ಯಾಂಟೊಂದು ಕಪಾಟಿನಲ್ಲಿತ್ತು. ಅದನ್ನು ಏರಿಸಿಕೊಂಡು ಸಂಪಾಜೆಯ ಘಾಟಿ ಹತ್ತಿದೆ. ಮೈದಾನ ಕಂಡಿತು. ನೆಲವೆಲ್ಲ ಹಸಿರು, ಅಷ್ಟು ದೂರದಲ್ಲಿ ಒಂದು ಪುಟ್ಟ ಬಾವುಟ. ಹತ್ತಿರ ಬೀಗರ ಇಬ್ಬರು ಸ್ನೇಹಿತರು. "ನಮ್ಮ ಬೀಗರು. ಆಲಂಕಾರಿನಲ್ಲಿ ಆಡ್ತಾರೆ" ಎಂದು ಬೀಗರು ಪರಿಚಯ ಮಾಡಿಸಿದರು. ಆಲಂಕಾರಿನಲ್ಲಿ ಗಾಲ್ಫ್ ಮೈದಾನ ಉಂಟೇ ಎಂದು ಅವರು ಕೇಳಲಿಲ್ಲ. ದೊಡ್ಡ ಮನುಷ್ಯರ ಸೌಜನ್ಯ. ನನಗೆ ಮಗಳ ಮುಖ ಕಣ್ಣೆದುರು ಬಂತು.

ಮೊದಲ ಪೆಟ್ಟಿಗೆ ಹುಲ್ಲಿನ ಹೆಂಟೆ ಹಾರಿತು. ಎರಡನೆಯದಕ್ಕೆ ಚೆಂಡು ಕೋಲಿನ ಹಿಮ್ಮಡಿಗೆ ತಾಗಿ ಬೀಗರ ಸ್ನೇಹಿತರೊಬ್ಬರ ಕಾಲ ಸಂದಿಯಿಂದ ಹಾದುಹೋಯಿತು. ಪ್ಯಾಂಟಿನೊಳಗೆ ನನ್ನ ಕಾಲುಗಳು ಹಗ್ಗ ಬಿಚ್ಚಿದ ಕರುಗಳಾಗಿದ್ದವು. ಹಿಡಿದುಕೊಳ್ಳಲು ಲುಂಗಿ ಇಲ್ಲ, ಬಿಗಿಯಲು ಬೆಲ್ಟಿನ ಆ ಅಗಲವಿಲ್ಲ. ಪ್ರತಿ ಪೆಟ್ಟಿಗೂ ಮೊದಲು ನನ್ನ ಎರಡೂ ಕೈಗಳು ನನ್ನನ್ನು ಕೇಳದೆ ಮೊಣಕಾಲಿನ ತನಕ ಇಳಿದು, ಇಲ್ಲದ ಲುಂಗಿಯನ್ನು ಎತ್ತಿ ಮಡಚಿ ಸೊಂಟಕ್ಕೆ ಸಿಕ್ಕಿಸುತ್ತಿದ್ದವು. ಸ್ನೇಹಿತರು ಇದೊಂದು ಹೊಸ ಬಗೆಯ ವ್ಯಾಯಾಮವೆಂದು ಗಂಭೀರವಾಗಿ ನೋಡುತ್ತಿದ್ದರು. ಅವರು ಮುಂದೆ ಹೋದ ಮೇಲೆ ಬೀಗರು ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಬೀಗರೆ, ಸೊಂಟದಲ್ಲಿ ಎಂತ ಹುಡುಕುದು ನೀವು?"

ಇನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ. "ಲುಂಗಿ" ಎಂದೆ. ಹೇಳಲು ಶುರು ಮಾಡಿದ ಮೇಲೆ ನುಗ್ಗೆಕಾಯಿಯಿಂದ ಹಿಡಿದು ಸುಣ್ಣದ ತನಕ ಎಲ್ಲವನ್ನೂ ಹೇಳಿದೆ. "ನನಗೆ ಈ ಆಟ ಗೊತ್ತಿರಲಿಲ್ಲ. ಅಂದು ಬಾಯಿಗೆ ಬಂದದ್ದನ್ನು ಹೇಳಿದ್ದು. ಮಗಳು ಬೇಡ ಬೇಡ ಅಂತ ಅತ್ತಿದ್ದಾಳೆ. ಅವಳ ಮೇಲೆ ಎಂತ ಕೂಡ ತಿಳಿದುಕೊಳ್ಳಬೇಡಿ" ಎಂದೆ. ಬೀಗರು ಹುಲ್ಲಿನ ಮೇಲೆ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಇಸ್ತ್ರಿಯೆಲ್ಲ ಮುದುಡಿಹೋಯಿತು. ಎದ್ದವರು ತಮ್ಮ ಚೀಲದಿಂದ ಮೈ ಒರೆಸುವ ದೊಡ್ಡ ಬೈರಾಸು ತೆಗೆದು, "ಲುಂಗಿ ಇಲ್ಲ ಮಾರಾಯ್ರೆ, ಇದು ಉಂಟು. ಕಟ್ಟಿ ಒಂದು ಹೊಡೀರಿ, ನೋಡುವ. ನಾನು ಯಾರಾದ್ರೂ ಬರ್ತಾರಾ ನೋಡ್ತೇನೆ" ಎಂದರು.

ಮಡಿಕೇರಿಯ ಮಂಜಿನಲ್ಲಿ, ಪ್ಯಾಂಟಿನ ಮೇಲೆ ಬೈರಾಸು ಬಿಗಿದು, ಬೀಗರ ಬೆಲ್ಟನ್ನು ಅದರ ಮೇಲೆ ಎಳೆದು ಕಟ್ಟಿ ನಿಂತೆ. ಬೀಸಿದೆ. ಟಕ್! ನಟ್ಟನಡುವೆ. ಅಂಥ ಪೆಟ್ಟು ಬೇಬಿಚ್ಚನ ಅಂಗಳದಲ್ಲೂ ಬಿದ್ದಿರಲಿಲ್ಲ. ಚೆಂಡು ಎದ್ದು, ಏರಿ, ನೂಲು ಹಿಡಿದಂತೆ ನೇರವಾಗಿ ಹೋಯಿತು. ಆದರೆ ಬಾವುಟದ ಕಡೆಗಲ್ಲ. ಬೇಲಿ ದಾಟಿ ಯಾರದೋ ಕಾಫಿ ತೋಟದ ಕಡೆಗೆ. ನವಿಲಿಗೆ ಬಡಿದು ಬೀಳುವ ಚೆಂಡು, ನವಿಲಿಲ್ಲದಿದ್ದರೆ ಎಲ್ಲಿಗೆ ಹೋಗುತ್ತದೆಂದು ನಾನಾಗಲಿ ಬೇಬಿಚ್ಚನಾಗಲಿ ಯೋಚಿಸಿಯೇ ಇರಲಿಲ್ಲ. ಬೀಗರು ಹಣೆಗೆ ಕೈ ಅಡ್ಡ ಹಿಡಿದು ಚೆಂಡು ಕಣ್ಮರೆಯಾಗುವ ತನಕ ನೋಡಿ, "ಪೆಟ್ಟು ಅಂದ್ರೆ ಪೆಟ್ಟು! ಯಾರ ತೋಟಕ್ಕೆ ಅಂತ ಮಾತ್ರ ಗೊತ್ತಾಗ್ಲಿಲ್ಲ" ಎಂದರು. ಆಮೇಲೆ ನಾವಿಬ್ಬರೂ ಆಟ ಬಿಟ್ಟು, ಕಾಫಿ ಕುಡಿಯುತ್ತಾ ಮಧ್ಯಾಹ್ನದ ತನಕ ಮಾತಾಡಿದೆವು. ಅಷ್ಟು ಹಗುರವಾಗಿ ನಾನು ಯಾರ ಹತ್ತಿರವೂ ಮಾತಾಡಿದ ನೆನಪಿಲ್ಲ.

ಸಂಜೆ ಮನೆಗೆ ಬರುವಷ್ಟರಲ್ಲಿ ಮಗಳ ಫೋನು. "ಅಪ್ಪ, ಮಾವ ಮಾತಾಡಿದ್ರು. 'ನಿನ್ನ ಅಪ್ಪನ ಹಾಗಿದ್ದ ನೆಂಟ ಸಿಗ್ಲಿಕ್ಕೆ ಪುಣ್ಯ ಬೇಕು. ಮನಸ್ಸಿನಲ್ಲಿ ಎಂತ ಕೂಡ ಇಟ್ಟುಕೊಳ್ಳುದಿಲ್ಲ, ಎಲ್ಲ ಹೇಳಿಬಿಟ್ರು. ಒಳ್ಳೆ ಜನ. ಗಾಲ್ಫ್ ಮಾತ್ರ ಅವರಿಗೆ ಬರುದೇ ಇಲ್ಲ' ಅಂತ ಹೇಳಿದ್ರು" ಎಂದಳು. ಅವಳು ನಗುತ್ತಿದ್ದಳು. ಎಷ್ಟೋ ವಾರಗಳ ಮೇಲೆ ಕೇಳಿದ ನಗು. ಆ ಮನೆಯಲ್ಲಿ ನನ್ನ ಮಗಳು ಸುಖವಾಗಿರುತ್ತಾಳೆಂದು ಆ ಕ್ಷಣ ಖಾತ್ರಿಯಾಗಿ ನನ್ನ ಕಣ್ಣು ತುಂಬಿತು. ಸರೋಜಳೂ ಸೆರಗಿನಿಂದ ಕಣ್ಣೊರೆಸಿಕೊಂಡು ದೇವರಿಗೆ ದೀಪ ಹಚ್ಚಿದಳು.

ಅಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಊಟಕ್ಕೆ ಕುಳಿತರೆ ತುತ್ತು ಇಳಿಯಲಿಲ್ಲ. 'ಬರುದೇ ಇಲ್ಲ' ಎನ್ನಬೇಕಿತ್ತೆ? ಆ ಪೆಟ್ಟನ್ನು ಅವರು ತಮ್ಮ ಕಣ್ಣಾರೆ ನೋಡಿದವರಲ್ಲವೆ? ಸರೋಜ ಬಡಿಸುವ ಕೈಯನ್ನು ನಿಲ್ಲಿಸಿ, "ಒಳ್ಳೆ ಜನ ಅಂತ ಹೇಳಿದ್ದಾರಲ್ಲ ಮಾರಾಯ್ರೆ, ಇನ್ನು ಎಂತ ಬೇಕು ನಿಮಗೆ?" ಎಂದಳು. ಒಳ್ಳೆಯವನೆನಿಸಿಕೊಳ್ಳಲು ನಾನು ಒಂದು ದಿನವಾದರೂ ಅಭ್ಯಾಸ ಮಾಡಿ ಬೆವರು ಸುರಿಸಿದ್ದುಂಟೆ? ಬೆವರು ಸುರಿಸಿದ್ದಕ್ಕೆ ಒಂದು ಮಾತು ಬೇಡವೆ? ಇದನ್ನು ಅವಳಿಗೆ ಹೇಳಲು ಹೋಗಲಿಲ್ಲ. ಮರುದಿನ ಅಂಗಡಿಯ ಬಾಗಿಲು ತೆಗೆಯುವ ಮೊದಲು ಬೇಬಿಚ್ಚನ ಅಂಗಳಕ್ಕೆ ಹೋಗಿ, ಚೆಂಡು ಎಲ್ಲಿಗೆ ಹೋಗುತ್ತದೆಂದು ನೋಡಲು ಬೆಡ್‌ಶೀಟುಗಳನ್ನೆಲ್ಲ ಹಗ್ಗದಿಂದ ಬಿಚ್ಚಿ ಮಡಚಿಟ್ಟು, ಕೋಲು ಎತ್ತಿಕೊಂಡೆ.